ನರ್ಸಿಂಗ್ ಸೇರಬೇಕೆ? ಪಿಯು ರಿಸಲ್ಟ್‌ವರೆಗೆ ಕಾಯಬೇಡಿ: ಸಕಲೇಶಪುರ, ಆಲೂರು ಭಾಗದ ಕುಟುಂಬಗಳಿಗೆ ಇಲ್ಲಿದೆ ಪೂರ್ತಿ ಮಾಹಿತಿ

ಸಕಲೇಶಪುರ: ‘ಪಿಯು ರಿಸಲ್ಟ್ ಬರಲಿ, ನರ್ಸಿಂಗ್ ವಿಷಯ ಆಮೇಲೆ ನೋಡೋಣ’ ಅನ್ನುವ ಮಾತು ಮಲೆನಾಡಿನ ಮನೆಗಳಲ್ಲಿ ಹೊಸದಲ್ಲ. ಆದರೆ ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಸೀಟು ಈಗ ಸಿಇಟಿ ಮೂಲಕ ಸಿಗುವಂಥದ್ದು. ಸಿಇಟಿ ಅರ್ಜಿ ಹಾಕುವುದು ಜನವರಿ, ಫೆಬ್ರವರಿಯಲ್ಲಿ. ಪಿಯು ಫಲಿತಾಂಶ ಬರುವುದು ಏಪ್ರಿಲ್‌ನಲ್ಲಿ. ರಿಸಲ್ಟ್ ನೋಡಿಕೊಂಡು ಹೊರಟವರಿಗೆ ಆ ವರ್ಷದ ಸರ್ಕಾರಿ ಸೀಟಿನ ದಾರಿ ಆಗಲೇ ಮುಚ್ಚಿರುತ್ತದೆ. ಆಮೇಲೆ ಉಳಿಯುವುದು ಏಜೆಂಟರ ಫೋನು ಮಾತ್ರ.

ಈ ಭಾಗಕ್ಕೆ ಇನ್ನೊಂದು ತೊಡಕಿದೆ, ಮಳೆ. ಸೀಟು ಹಂಚಿಕೆಯ ಕೆಲಸ ನಡೆಯುವುದು ಹೆಚ್ಚಾಗಿ ಮಳೆಗಾಲದ ತಿಂಗಳುಗಳಲ್ಲಿ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿ ಪಕ್ಕದ ಗುಡ್ಡ ಕುಸಿದು, ಘಾಟಿಯ ರೈಲು ಸಂಚಾರ ಹಲವು ದಿನ ನಿಂತಿದ್ದು ಎಲ್ಲರಿಗೂ ನೆನಪಿದೆ. ಗಾಳಿಗೆ ಮರ ಬಿದ್ದರೆ ಕರೆಂಟ್ ಇರಲ್ಲ, ಕರೆಂಟ್ ಇಲ್ಲದಿದ್ದರೆ ಟವರ್ ಇರಲ್ಲ. ಆನ್‌ಲೈನ್‌ನಲ್ಲಿ ಕೊಟ್ಟ ಕೊನೆಯ ದಿನಾಂಕ ಮಾತ್ರ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಇಲ್ಲಿನ ಮಕ್ಕಳಿಗೆ ನರ್ಸಿಂಗ್ ಸೇರುವ ತಯಾರಿ ಎಂದರೆ ಅರ್ಧ ಓದು, ಅರ್ಧ ಕಾಗದಪತ್ರ. ಎರಡನ್ನೂ ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಬೇಕು.

ಯಾವ ಕೋರ್ಸ್, ಯಾರಿಗೆ?

‘ನರ್ಸಿಂಗ್’ ಅಂತ ಎಲ್ಲರೂ ಒಂದೇ ಹೆಸರಲ್ಲಿ ಕರೆದರೂ ಕೋರ್ಸ್‌ಗಳು ಬೇರೆ ಬೇರೆ. ಅರ್ಹತೆ, ಪರೀಕ್ಷೆ, ಮುಂದಿನ ಕೆಲಸ ಎಲ್ಲವೂ ಬೇರೆ.

ಬಿ.ಎಸ್ಸಿ ನರ್ಸಿಂಗ್: 4 ವರ್ಷ, 8 ಸೆಮಿಸ್ಟರ್. ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನ ವಿಜ್ಞಾನ, ಜೀವವಿಜ್ಞಾನ ಓದಿರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಒಟ್ಟಾರೆ ಶೇ 45 ಅಂಕ ಬೇಕು, ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಶೇ 40 ಸಾಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪರೀಕ್ಷೆ ನಡೆಸಿ ಪದವಿ ಕೊಡುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ.

ಜಿಎನ್‌ಎಂ: 3 ವರ್ಷದ ಡಿಪ್ಲೊಮಾ. ಕಲೆ, ವಾಣಿಜ್ಯ ಓದಿದವರೂ ಸೇರಬಹುದು. ಪಿಯುಸಿಯಲ್ಲಿ ಕನಿಷ್ಠ ಶೇ 40 ಅಂಕ ಮತ್ತು ಇಂಗ್ಲಿಷ್ ಇರಬೇಕು. ಇದರ ಪರೀಕ್ಷೆ ನಡೆಸುವುದು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಜಿಎನ್‌ಎಂ ಮುಗಿಸಿದವರು ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿ ಪದವಿ ಪಡೆಯಬಹುದು.

ಎಎನ್‌ಎಂ: 2 ವರ್ಷದ ಕೋರ್ಸ್, ಹೆಣ್ಣುಮಕ್ಕಳಿಗೆ ಮಾತ್ರ. ಇದಕ್ಕೂ ಈಗ ಪಿಯುಸಿ ಆಗಿರಬೇಕು, ವಯಸ್ಸು 17ರಿಂದ 35ರ ಒಳಗಿರಬೇಕು. ಹಳ್ಳಿಯ ಉಪಕೇಂದ್ರದಲ್ಲಿ ಚುಚ್ಚುಮದ್ದು, ಗರ್ಭಿಣಿಯರ ತಪಾಸಣೆ ನೋಡಿಕೊಳ್ಳುವ ‘ಸಿಸ್ಟರ್’ ಓದಿರುವುದು ಇದನ್ನೇ.

ಬಿ.ಎಸ್ಸಿ ಮತ್ತು ಜಿಎನ್‌ಎಂ ಎರಡಕ್ಕೂ ಹುಡುಗರೂ ಸೇರಬಹುದು. ‘ಅದು ಹುಡುಗಿಯರ ಕೋರ್ಸು’ ಅಂತ ಮಗನ ಆಸೆಗೆ ಕಲ್ಲು ಹಾಕಬೇಕಿಲ್ಲ.

ಇವುಗಳನ್ನು ಬಿಟ್ಟು ‘ನರ್ಸಿಂಗ್ ಅಸಿಸ್ಟೆಂಟ್’, ‘ಹೋಮ್ ನರ್ಸಿಂಗ್’, ‘ಒಂದು ವರ್ಷದ ನರ್ಸಿಂಗ್ ಡಿಪ್ಲೊಮಾ’ ಅಂತ ಪಾಂಪ್ಲೆಟ್ ಹಂಚುವ ಸಂಸ್ಥೆಗಳಿವೆ. ಮನೆ ಆರೈಕೆಯ ಕೆಲಸಕ್ಕೆ ಅಂಥ ತರಬೇತಿ ಉಪಯೋಗಕ್ಕೆ ಬರಬಹುದು, ಆದರೆ ಅದರಿಂದ ನೋಂದಾಯಿತ ನರ್ಸ್ ಆಗಲು ಸಾಧ್ಯವಿಲ್ಲ. ಹಣ ಕಟ್ಟುವ ಮುಂಚೆ ಈ ವ್ಯತ್ಯಾಸ ಗೊತ್ತಿರಲಿ.

ಸಿಇಟಿ: ಜನವರಿಯಲ್ಲೇ ಅರ್ಜಿ

ಸಿಇಟಿ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಪರೀಕ್ಷೆ 2024ರಲ್ಲಿ ಏಪ್ರಿಲ್ 18 ಮತ್ತು 19ರಂದು, 2025ರಲ್ಲಿ ಏಪ್ರಿಲ್ 16 ಮತ್ತು 17ರಂದು ನಡೆಯಿತು. ಸಿಇಟಿ ಎಂಜಿನಿಯರಿಂಗ್ ಮಕ್ಕಳಿಗೆ ಮಾತ್ರ ಎಂದುಕೊಂಡು ಅರ್ಜಿಯನ್ನೇ ಹಾಕದೆ ಕೂರುವುದು ದೊಡ್ಡ ತಪ್ಪು.

ನರ್ಸಿಂಗ್‌ಗೆ ಬೇಕಾಗಿರುವುದು ಭೌತವಿಜ್ಞಾನ, ರಸಾಯನ ವಿಜ್ಞಾನ, ಜೀವವಿಜ್ಞಾನ. ಒಂದೊಂದರಲ್ಲೂ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಕೆಇಎ ನರ್ಸಿಂಗ್ ಸೀಟಿಗೆ ನೀಟ್ ಬರೆಯಬೇಕಿಲ್ಲ.

ಪರೀಕ್ಷಾ ಕೇಂದ್ರ ಎಲ್ಲಿ ಸಿಕ್ಕಿದೆ ಎಂದು ಪ್ರವೇಶಪತ್ರ ಬಂದ ದಿನವೇ ನೋಡಿಕೊಳ್ಳಿ. ಹೆತ್ತೂರು, ಯಸಳೂರು, ಹಾನುಬಾಳು ಕಡೆಯವರಿಗೆ ಕೇಂದ್ರ ಹಾಸನದಲ್ಲಿದ್ದರೆ ಬೆಳಗಿನ ಮೊದಲ ಬಸ್ಸನ್ನು ನಂಬಿ ಹೊರಡುವುದಕ್ಕಿಂತ ಹಿಂದಿನ ರಾತ್ರಿಯೇ ನೆಂಟರ ಮನೆ ಸೇರುವುದು ಒಳ್ಳೆಯದು.

ಪಿಯು ಪರೀಕ್ಷೆ-1ರಲ್ಲಿ ಒಂದು ವಿಷಯ ಹೋದರೂ ಎದೆಗುಂದಬೇಕಿಲ್ಲ, ಪರೀಕ್ಷೆ-2 ಇದೆ. ಆದರೆ ಸಿಇಟಿ ಬರೆದಿದ್ದರೆ ಮಾತ್ರ ಆ ವರ್ಷದ ದಾರಿ ಉಳಿಯುತ್ತದೆ. ‘ಪಾಸಾಗುತ್ತೀನೋ ಇಲ್ಲವೋ’ ಎಂಬ ಅಳುಕಿನಲ್ಲಿ ಸಿಇಟಿ ತಪ್ಪಿಸಬೇಡಿ.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. ಸೇನೆಯ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಡಿ 4 ವರ್ಷದ ಬಿ.ಎಸ್ಸಿ ನರ್ಸಿಂಗ್ ಓದಿಸಿ, ಮುಗಿದ ಮೇಲೆ ಸೇನಾ ಆಸ್ಪತ್ರೆಗಳಲ್ಲಿ ಅಧಿಕಾರಿಯಾಗಿ ಸೇರಿಸಿಕೊಳ್ಳುತ್ತಾರೆ. ಇದಕ್ಕೆ ಮಾತ್ರ ನೀಟ್ ಬೇಕು, ಅಭ್ಯರ್ಥಿ ಅವಿವಾಹಿತೆಯಾಗಿರಬೇಕು.

ಗ್ರಾಮೀಣ ಮೀಸಲಾತಿ: ಇಲ್ಲೇ ತಪ್ಪುವುದು

ಸಿಇಟಿ ಸೀಟು ಹಂಚಿಕೆಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಮಲೆನಾಡಿನ ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ‘ನಮ್ಮದು ಹಳ್ಳಿ, ಆದ್ದರಿಂದ ಗ್ರಾಮೀಣ’ ಅಂದುಕೊಂಡರೆ ತಪ್ಪಾಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಮನೆ ಎಲ್ಲಿದೆ ಎಂಬುದಲ್ಲ, ಶಾಲೆ ಎಲ್ಲಿತ್ತು ಎಂಬುದು.

1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಉದಾಹರಣೆಗೆ, ಹೆತ್ತೂರು ಹೋಬಳಿಯ ಹುಡುಗಿಯೊಬ್ಬಳು 7ನೇ ತರಗತಿವರೆಗೆ ಊರಿನ ಶಾಲೆಯಲ್ಲಿ ಓದಿ, 8ರಿಂದ ಸಕಲೇಶಪುರ ಪಟ್ಟಣದ ಹೈಸ್ಕೂಲಿಗೆ ಸೇರಿದ್ದಾಳೆ ಎನ್ನಿ. ಸಕಲೇಶಪುರ ಪುರಸಭೆ ವ್ಯಾಪ್ತಿಯ ಊರು, ಹಾಗಾಗಿ ಆಕೆಗೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ. ಆಲೂರು ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯಲ್ಲಿ ಓದಿದವರಿಗೂ ಇದೇ ಲೆಕ್ಕ. ಅರ್ಜಿಯಲ್ಲಿ ಗ್ರಾಮೀಣ ಅಂತ ತುಂಬಿ, ದಾಖಲೆ ಪರಿಶೀಲನೆಯಲ್ಲಿ ಬಿದ್ದುಹೋದರೆ ನೆಚ್ಚಿಕೊಂಡ ಸೀಟು ಕೈತಪ್ಪುತ್ತದೆ.

ಅದೇ ಹುಡುಗಿ 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿ ಕೇಳಬಹುದು. ಪಟ್ಟಣದ ಶಾಲೆ ಅದಕ್ಕೆ ಅಡ್ಡಿಯಲ್ಲ. ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯ ಶಿಕ್ಷಕರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಮೇಲುಸಹಿ ಬೇಕು. ಎರಡು ಮೂರು ಶಾಲೆಯಲ್ಲಿ ಓದಿದವರು ಪ್ರತಿ ಶಾಲೆಗೂ ಹೋಗಿಬರಬೇಕಾಗುತ್ತದೆ. ಮಕ್ಕಳಿಲ್ಲದೆ ಮುಚ್ಚಿಹೋದ ಶಾಲೆಯಲ್ಲಿ ಓದಿದ್ದರೆ ಹಳೆಯ ದಾಖಲೆ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲೇ ವಿಚಾರಿಸಿ. ಈ ಓಡಾಟವನ್ನು ದಸರಾ ರಜೆಯಲ್ಲೇ ಮುಗಿಸಿಕೊಂಡರೆ ಜನವರಿಯಲ್ಲಿ ತಲೆಬಿಸಿ ಇರಲ್ಲ.

ತೋಟದ ಲೈನ್‌ಮನೆಯ ಮಕ್ಕಳು ಗಮನಿಸಬೇಕಾದ್ದು

ಕಾಫಿ ತೋಟದ ಲೈನ್‌ಮನೆಗಳಲ್ಲಿ ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದ ಕುಟುಂಬಗಳಿವೆ. ಅಪ್ಪ, ಅಮ್ಮ ಎಲ್ಲಿಯವರಾದರೂ, 1ರಿಂದ 12ನೇ ತರಗತಿವರೆಗಿನ ಓದಿನಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಇಲ್ಲಿಯೇ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಪಾಸಾದ ಮಕ್ಕಳು ಸರ್ಕಾರಿ ಸೀಟಿಗೆ ಅರ್ಹರು. ಇದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ತೋಟದಿಂದ ತೋಟಕ್ಕೆ ಹೋಗುವಾಗ ಮಕ್ಕಳ ಟಿಸಿ, ಅಂಕಪಟ್ಟಿ ಜೋಪಾನವಾಗಿಟ್ಟುಕೊಳ್ಳಬೇಕು ಅನ್ನುವುದು ಇದಕ್ಕೇ.

ಇತರ ದಾಖಲೆಗಳು

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಶಾಲೆಯ ಸ್ಯಾಟ್ಸ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೊ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಆಯಾ ಹೋಬಳಿಯ ನಾಡಕಚೇರಿಗೆ ಅರ್ಜಿ ಹಾಕಬೇಕು. ಪ್ರಮಾಣಪತ್ರದ ಮೇಲಿರುವ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಬೇಕು, ಒಂದು ಅಂಕಿ ತಪ್ಪಿದರೂ ಮೀಸಲಾತಿ ದಾಖಲಾಗುವುದಿಲ್ಲ. ಹಳೆಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿ. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ಕೂಡ ಮುಂದೆ ತೊಡಕಾಗಬಹುದು.

ಸೈಬರ್, ಜೆರಾಕ್ಸ್ ಅಂಗಡಿಯವರಿಗೊಂದು ಮಾತು

ಬಹುತೇಕ ಅರ್ಜಿಗಳು ಭರ್ತಿಯಾಗುವುದು ಬಸ್‌ಸ್ಟ್ಯಾಂಡ್ ಪಕ್ಕದ ಸೈಬರ್‌ನಲ್ಲಿ ಅಥವಾ ಊರಿನ ಗ್ರಾಮ ಒನ್ ಕೇಂದ್ರದಲ್ಲಿ. ಕೆಲಸ ಬೇಗ ಆಗಲಿ ಅಂತ ಅಂಗಡಿಯ ಮೊಬೈಲ್ ನಂಬರ್, ಅಂಗಡಿಯ ಇಮೇಲ್ ಹಾಕಿಬಿಡುವುದುಂಟು. ಆಮೇಲೆ ಒಟಿಪಿ ಬರುವುದು ಅಂಗಡಿಗೆ. ಅವತ್ತು ಅಂಗಡಿ ಬಾಗಿಲು ಹಾಕಿದ್ದರೆ ವಿದ್ಯಾರ್ಥಿ ಕೈಕಟ್ಟಿ ನಿಲ್ಲಬೇಕು. ಅರ್ಜಿಯಲ್ಲಿ ವಿದ್ಯಾರ್ಥಿಯ ಅಥವಾ ಅಪ್ಪ, ಅಮ್ಮನ ನಂಬರ್ ಮಾತ್ರ ಹಾಕಿ. ಆ ಸಿಮ್ ಸೀಟು ಹಂಚಿಕೆ ಮುಗಿಯುವವರೆಗೆ ಚಾಲ್ತಿಯಲ್ಲಿರಲಿ, ರೀಚಾರ್ಜ್ ಇರಲಿ.

ಅರ್ಜಿ ಸಲ್ಲಿಸುವ ಮುಂಚೆ ಒಂದು ಪ್ರಿಂಟ್ ತೆಗೆದು ವಿದ್ಯಾರ್ಥಿಗೆ ಓದಲು ಕೊಡಿ. ಪ್ರವರ್ಗ, ಗ್ರಾಮೀಣ, ಕನ್ನಡ ಮಾಧ್ಯಮ ಎಂಬ ಮೂರು ಕಾಲಂಗಳನ್ನು ಬೆರಳಿಟ್ಟು ನೋಡಿಸಿ. ಅರ್ಜಿ ಸಂಖ್ಯೆ, ಪಾಸ್‌ವರ್ಡ್ ಬರೆದ ಚೀಟಿ ಮನೆಗೆ ಹೋಗಲಿ, ಅಂಗಡಿಯ ಡ್ರಾಯರ್‌ನಲ್ಲಿ ಉಳಿಯುವುದು ಬೇಡ. ವಿದ್ಯಾರ್ಥಿಗಳೂ ಅಷ್ಟೇ, ಪಾಸ್‌ವರ್ಡ್ ಬೇರೆಯವರಿಗೆ ಕೊಡಬೇಡಿ. ಅದು ಕೈಗೆ ಸಿಕ್ಕವರು ನಿಮ್ಮ ಕಾಲೇಜು ಆಯ್ಕೆಯನ್ನೇ ಬದಲಿಸಬಹುದು.

ಆಪ್ಷನ್ ಎಂಟ್ರಿ: ಆಸೆಯ ಕ್ರಮದಲ್ಲಿ ಬರೆಯಿರಿ

ರ‍್ಯಾಂಕ್ ಬಂದು ದಾಖಲೆ ಪರಿಶೀಲನೆ ಮುಗಿದ ಮೇಲೆ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬಬೇಕು. ಇದೇ ಆಪ್ಷನ್ ಎಂಟ್ರಿ. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಎಂಬ ಪಟ್ಟಿಯನ್ನು ಕೆಇಎ ಪ್ರಕಟಿಸುತ್ತದೆ. ಜಿಲ್ಲೆಯಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಹಿಮ್ಸ್ ಆವರಣದಲ್ಲಿ ಮತ್ತು ಹೊಳೆನರಸೀಪುರದಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜುಗಳಿವೆ. ಮೈಸೂರು, ಮಂಡ್ಯ, ಬೆಂಗಳೂರಿನ ಸರ್ಕಾರಿ ಕಾಲೇಜುಗಳನ್ನೂ ಪಟ್ಟಿಯಲ್ಲಿ ಸೇರಿಸಿ. ನಾಲ್ಕೈದು ಹೆಸರು ಬರೆದು ಸುಮ್ಮನಾದರೆ ರ‍್ಯಾಂಕ್ ಇದ್ದೂ ಸೀಟು ಸಿಗದೆ ಹೋಗಬಹುದು.

ಮೊದಲು ಬರುವ ಅಣಕು ಹಂಚಿಕೆ ಸುಮ್ಮನೆ ಅಂದಾಜಿಗೆ. ಅದನ್ನು ನೋಡಿ ಕ್ರಮ ಬದಲಿಸಬಹುದು. ನಿಜವಾದ ಹಂಚಿಕೆ ಬಂದ ಮೇಲೆ ನಾಲ್ಕು ಆಯ್ಕೆಗಳಿರುತ್ತವೆ. ಚಾಯ್ಸ್ 1 ಎಂದರೆ ಸೀಟು ಒಪ್ಪಿದೆ, ಹೋಗಿ ಸೇರುತ್ತೇನೆ. ಚಾಯ್ಸ್ 2 ಎಂದರೆ ಈ ಸೀಟು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ. ಚಾಯ್ಸ್ 3 ಎಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ 4 ಎಂದರೆ ಪೂರ್ತಿ ಹೊರಗೆ ಹೋಗುತ್ತೇನೆ. ಕೈಯಲ್ಲಿರುವ ಸೀಟನ್ನು ಬಿಟ್ಟುಕೊಡುವ 3 ಮತ್ತು 4ನ್ನು ಒತ್ತುವ ಮುಂಚೆ ಮನೆಯಲ್ಲಿ ಕೂತು ಮಾತಾಡಿ.

ಈ ಕೆಲಸಕ್ಕೆಲ್ಲ ಕೊಡುವ ದಿನಗಳು ಕಡಿಮೆ. ಮಳೆ ಜೋರಿದ್ದರೆ ಕೊನೆಯ ದಿನದವರೆಗೆ ಕಾಯದೆ ಮೊದಲ ದಿನವೇ ಪಟ್ಟಿ ತುಂಬಿ. ಊರಲ್ಲಿ ನೆಟ್‌ವರ್ಕ್ ಇಲ್ಲದವರು ಆ ವಾರ ಹಾಸನದಲ್ಲೋ ಸಕಲೇಶಪುರದಲ್ಲೋ ನೆಂಟರ ಮನೆಯಲ್ಲಿರುವುದು ವಾಸಿ.

ಹಣ ಕಟ್ಟುವ ಮುಂಚೆ ಮೂರು ಪ್ರಶ್ನೆ

ಸಿಇಟಿ ಸೀಟು ಸಿಗದವರಿಗೆ, ಜಿಎನ್‌ಎಂ ಹುಡುಕುವವರಿಗೆ ಫಲಿತಾಂಶದ ವಾರದಿಂದಲೇ ಫೋನು ಶುರುವಾಗುತ್ತದೆ. ‘ಬೆಂಗಳೂರಲ್ಲಿ ಸೀಟಿದೆ, ಇವತ್ತೇ ಅಡ್ವಾನ್ಸ್ ಹಾಕಿ’ ಎಂಬ ಒತ್ತಾಯ ಬರುತ್ತದೆ. ಖಾಸಗಿ ಕಾಲೇಜುಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ. ಆದರೆ ಯಾವುದೇ ಕಾಲೇಜಿಗೆ ಒಂದು ರೂಪಾಯಿ ಕೊಡುವ ಮೊದಲು ಮೂರು ಪ್ರಶ್ನೆಗೆ ಉತ್ತರ ಪಡೆಯಿರಿ.

ಒಂದು, ಪರೀಕ್ಷೆ ನಡೆಸುವವರು ಯಾರು? ಕರ್ನಾಟಕದಲ್ಲಿ ಬಿ.ಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಥವಾ ಮಾನ್ಯತೆ ಇರುವ ಬೇರೆ ವಿಶ್ವವಿದ್ಯಾಲಯದ ಹೆಸರು ಬರಬೇಕು, ಜಿಎನ್‌ಎಂ ಆದರೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಹೆಸರು ಬರಬೇಕು. ‘ನಮ್ಮದೇ ಸರ್ಟಿಫಿಕೇಟ್’ ಎಂದರೆ ಅಲ್ಲಿಂದ ಎದ್ದು ಬನ್ನಿ. ಕಾಲೇಜು ಆ ವರ್ಷದ ಪಟ್ಟಿಯಲ್ಲಿದೆಯೇ ಎಂದು ವಿಶ್ವವಿದ್ಯಾಲಯದ ಅಥವಾ ಮಂಡಳಿಯ ಜಾಲತಾಣದಲ್ಲಿ ನೀವೇ ನೋಡಿ. ಗೋಡೆಗೆ ಹಾಕಿರುವ ಹಳೆಯ ಆದೇಶದ ಫ್ರೇಮನ್ನು ನಂಬಬೇಡಿ.

ಎರಡು, ತರಬೇತಿ ಯಾವ ಆಸ್ಪತ್ರೆಯಲ್ಲಿ? ನರ್ಸಿಂಗ್ ಕಲಿಯುವುದು ರೋಗಿಯ ಹಾಸಿಗೆ ಪಕ್ಕದಲ್ಲಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಇಲ್ಲವಾದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಹೆರಿಗೆ, ಮಕ್ಕಳ ವಾರ್ಡ್, ತುರ್ತು ವಿಭಾಗ ಇವೆಯೇ ಎಂದು ಕೇಳಿ. ಸಾಧ್ಯವಾದರೆ ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗಿ ಕಣ್ಣಾರೆ ನೋಡಿ. ಈಗ ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಿಬ್ಬರನ್ನು ಮಾತಾಡಿಸಿದರೆ ಕಾಲೇಜಿನ ಸ್ಥಿತಿ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ‘ಕ್ಲಾಸಿಗೆ ಬರದಿದ್ದರೂ ನಡೆಯುತ್ತೆ’ ಅಂತ ಯಾರಾದರೂ ಹೇಳಿದರೆ ಅದು ಸಿಹಿ ಸುದ್ದಿಯಲ್ಲ.

ಮೂರು, ಓದು ಮುಗಿದ ಮೇಲೆ ಹೆಸರು ಎಲ್ಲಿ ನೋಂದಣಿ ಆಗುತ್ತದೆ? ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತು, ಅಂದರೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರು ಮಾತ್ರ ನೋಂದಾಯಿತ ನರ್ಸ್. ಸರ್ಕಾರಿ ಹುದ್ದೆಗೂ, ಒಳ್ಳೆಯ ಖಾಸಗಿ ಆಸ್ಪತ್ರೆಗೂ, ಹೊರದೇಶಕ್ಕೂ ಆ ನಂಬರೇ ಆಧಾರ. ಹೊರರಾಜ್ಯದ ಕಾಲೇಜಾದರೆ ಅಲ್ಲಿನ ಕೌನ್ಸಿಲ್ ನೋಂದಣಿ ಕೊಡುತ್ತದೆಯೇ, ಅದನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದೇ ಎಂದು ಮೊದಲೇ ಕೇಳಿ.

ಮೂರಕ್ಕೂ ಸರಿಯಾದ ಉತ್ತರ ಸಿಗದ ಕಡೆ ಸೇರಿದರೆ ಮೂರು ನಾಲ್ಕು ವರ್ಷ, ತೋಟದ ಕೂಲಿಯಲ್ಲಿ ಕೂಡಿಟ್ಟ ಹಣ, ಅಡವಿಟ್ಟ ಒಡವೆ ಎಲ್ಲವೂ ಹೋಗಿ, ಕೈಯಲ್ಲಿ ಉಪಯೋಗಕ್ಕೆ ಬಾರದ ಒಂದು ಕಾಗದ ಉಳಿಯುತ್ತದೆ.

ಹಣವನ್ನು ಏಜೆಂಟರ ಫೋನ್‌ಪೇಗೆ ಹಾಕಬೇಡಿ. ಕಾಲೇಜಿನ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಸೀಟು ಖಚಿತವಾಗುವ ಮೊದಲು ಯಾರ ಕೈಗೂ ಕೊಡಬೇಡಿ. ಅವು ಒಂದು ಕಡೆ ಸಿಕ್ಕಿಹಾಕಿಕೊಂಡರೆ ಇನ್ನೊಂದು ಕಡೆ ಸೇರಲು ಆಗಲ್ಲ.

ಖರ್ಚು ಎಷ್ಟು, ನೆರವು ಎಲ್ಲಿ?

ಕಾಲೇಜು ಹೇಳುವ ‘ವರ್ಷದ ಫೀಸು’ ಪೂರ್ತಿ ಲೆಕ್ಕವಲ್ಲ. ಹಾಸ್ಟೆಲ್, ಊಟ, ಯೂನಿಫಾರಂ, ಬಿಳಿ ಶೂ, ಪುಸ್ತಕ, ಪರೀಕ್ಷಾ ಶುಲ್ಕ, ಆಸ್ಪತ್ರೆ ತರಬೇತಿ ಶುಲ್ಕ, ಓಡಾಟ ಎಲ್ಲ ಸೇರಿಸಿ ಕೋರ್ಸ್ ಮುಗಿಯುವವರೆಗೆ ಎಷ್ಟಾಗುತ್ತದೆ ಎಂದು ಬರೆಸಿಕೊಳ್ಳಿ.

ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ಮಂಜೂರಾದ ಹಣವೂ ಬರಲ್ಲ. ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗೂ ಪ್ರತ್ಯೇಕ ಅರ್ಜಿ ಇದೆ.

ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದವರ ಮಕ್ಕಳಿಗೆ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ. ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಕೆ ಕಟ್ಟುವ ತೋಟಗಳ ಕಾರ್ಮಿಕರ ಮಕ್ಕಳು ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯ ಪ್ರೋತ್ಸಾಹಧನ ಕೇಳಬಹುದು, ಅದಕ್ಕೆ ತೋಟದ ಆಫೀಸಿನ ದೃಢೀಕರಣ ಬೇಕು. ಕಾಫಿ ಮಂಡಳಿಯೂ ತೋಟ ಕಾರ್ಮಿಕರ ಮಕ್ಕಳ ಓದಿಗೆ ನೆರವು ಕೊಡುತ್ತ ಬಂದಿದೆ. ಆ ವರ್ಷದ ಪ್ರಕಟಣೆ ಬಂದಿದೆಯೇ ಎಂದು ಕಾಫಿ ಮಂಡಳಿ ಕಚೇರಿಯಲ್ಲಿ ವಿಚಾರಿಸಿ.

ಬ್ಯಾಂಕ್ ಸಾಲ ಬೇಕಿದ್ದರೆ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗುತ್ತಾರೆ. ಕಾಲೇಜಿಗೆ ಮಾನ್ಯತೆ ಇಲ್ಲದಿದ್ದರೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಹಾಗಾಗಿ ಬ್ಯಾಂಕ್ ಮ್ಯಾನೇಜರ್ ಬಳಿ ಮೊದಲೇ ಕಾಲೇಜಿನ ಹೆಸರು ಹೇಳಿ ನೋಡುವುದೂ ಒಂದು ಪರೀಕ್ಷೆಯೇ.

ಓದು ಹೇಗಿರುತ್ತದೆ?

ಬಿ.ಎಸ್ಸಿ ಮೊದಲ ಸೆಮಿಸ್ಟರ್‌ನಲ್ಲೇ ಅಂಗರಚನೆ, ಶರೀರಕ್ರಿಯೆ, ಮನೋವಿಜ್ಞಾನ, ಸಮಾಜಶಾಸ್ತ್ರ, ನರ್ಸಿಂಗ್‌ನ ಮೂಲ ಪಾಠ ಶುರು. ಮುಂದಿನ ಸೆಮಿಸ್ಟರ್‌ಗಳಲ್ಲಿ ಜೀವರಸಾಯನ, ಪೋಷಣೆ, ಸೂಕ್ಷ್ಮಾಣು ವಿಜ್ಞಾನ, ಔಷಧ ವಿಜ್ಞಾನ ಬರುತ್ತವೆ. ಥಿಯರಿ, ಪ್ರಾಯೋಗಿಕ ಎರಡರಲ್ಲೂ ಬೇರೆ ಬೇರೆಯಾಗಿ ಶೇ 50 ಅಂಕ ಬಂದರೆ ಪಾಸು. ಕೊನೆಯ ಸೆಮಿಸ್ಟರ್ ಆಸ್ಪತ್ರೆಯಲ್ಲೇ ಇಂಟರ್ನ್‌ಶಿಪ್.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಕಷ್ಟವಾಗುವುದು ವಿಷಯಕ್ಕಿಂತ ಭಾಷೆಯಿಂದ. ಪಿಯು ಪರೀಕ್ಷೆಗೂ ಕಾಲೇಜು ಶುರುವಾಗುವುದಕ್ಕೂ ನಡುವೆ ಇರುವ ತಿಂಗಳುಗಳಲ್ಲಿ ದಿನಕ್ಕೆ ಹತ್ತು ವೈದ್ಯಕೀಯ ಪದ ಕಲಿತರೆ ಬಹಳ ಹಗುರವಾಗುತ್ತದೆ. ಪದಗಳನ್ನು ಒಡೆದು ಕಲಿಯಿರಿ. ‘ಹೈಪೊ’ ಎಂದರೆ ಕಡಿಮೆ, ‘ಹೈಪರ್’ ಎಂದರೆ ಹೆಚ್ಚು, ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ, ‘ಕಾರ್ಡಿ’ ಇದ್ದರೆ ಹೃದಯ, ‘ನೆಫ್ರೊ’ ಇದ್ದರೆ ಮೂತ್ರಪಿಂಡ. ಇಂಥ ಐವತ್ತು ತುಣುಕು ಗೊತ್ತಿದ್ದರೆ ನೂರಾರು ಪದ ತಾನಾಗೇ ಅರ್ಥವಾಗುತ್ತವೆ.

ಎರಡನೆಯದು ಲೆಕ್ಕ. ನರ್ಸಿಂಗ್‌ನಲ್ಲಿ ದೊಡ್ಡ ಗಣಿತ ಇಲ್ಲ, ಆದರೆ ಇರುವ ಲೆಕ್ಕ ತಪ್ಪುವಂತಿಲ್ಲ. ಡಾಕ್ಟರ್ 250 ಮಿಲಿಗ್ರಾಂ ಕೊಡಿ ಎಂದು ಬರೆದಿದ್ದಾರೆ, ಬಾಟಲಿಯಲ್ಲಿ 10 ಮಿಲಿಲೀಟರ್‌ಗೆ 500 ಮಿಲಿಗ್ರಾಂ ಔಷಧವಿದೆ ಎಂದರೆ 5 ಮಿಲಿಲೀಟರ್ ಎಳೆಯಬೇಕು. 500 ಮಿಲಿಲೀಟರ್ ಡ್ರಿಪ್ 4 ಗಂಟೆಯಲ್ಲಿ ಮುಗಿಯಬೇಕು, ಸೆಟ್‌ನಲ್ಲಿ ಮಿಲಿಲೀಟರ್‌ಗೆ 20 ಹನಿ ಎಂದರೆ, ಒಟ್ಟು 10,000 ಹನಿಯನ್ನು 240 ನಿಮಿಷಕ್ಕೆ ಭಾಗಿಸಬೇಕು. ನಿಮಿಷಕ್ಕೆ ಸುಮಾರು 42 ಹನಿ. ಗ್ರಾಂ, ಮಿಲಿಗ್ರಾಂ, ಶೇಕಡಾ, ಭಾಗಾಕಾರ ಇಷ್ಟನ್ನು ಬೇಸಿಗೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲದೆ ಅಭ್ಯಾಸ ಮಾಡಿಕೊಳ್ಳಿ.

ದೇಹ, ಮನಸ್ಸು ಎರಡೂ ಗಟ್ಟಿ ಇರಬೇಕು

ಸೇರುವಾಗ ವೈದ್ಯಕೀಯ ಅರ್ಹತಾ ಪ್ರಮಾಣಪತ್ರ ಬೇಕು. ರೋಗಿಗಳ ರಕ್ತದ ಸಂಪರ್ಕಕ್ಕೆ ಬರುವ ಕೆಲಸವಾದ್ದರಿಂದ ಹೆಪಟೈಟಿಸ್-ಬಿ ಲಸಿಕೆ ಮುಖ್ಯ. ದೊಡ್ಡವರಿಗೆ ಇದು ಸಾಮಾನ್ಯವಾಗಿ ಮೂರು ಡೋಸ್. ಮೊದಲನೆಯದಾದ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಹಿಂದೆ ಹಾಕಿಸಿಕೊಂಡಿದ್ದರೆ ಅದರ ಕಾರ್ಡ್ ಹುಡುಕಿಡಿ, ಇಲ್ಲವಾದರೆ ಡಾಕ್ಟರ್ ಬಳಿ ಕೇಳಿ ಬೇಗ ಶುರು ಮಾಡಿ.

ಗಂಟೆಗಟ್ಟಲೆ ನಿಂತೇ ಕೆಲಸ, ರಾತ್ರಿ ಪಾಳಿ, ಹಬ್ಬದ ದಿನವೂ ಡ್ಯೂಟಿ, ರಕ್ತ, ವಾಂತಿ, ಬೆಡ್‌ಪ್ಯಾನ್ ಎಲ್ಲವೂ ಇದರಲ್ಲಿವೆ. ಕಣ್ಣೆದುರೇ ರೋಗಿ ತೀರಿಕೊಳ್ಳುವುದನ್ನು ನೋಡಬೇಕಾಗುತ್ತದೆ. ‘ಬೇಗ ಕೆಲಸ ಸಿಗುತ್ತೆ’ ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ತಳ್ಳುವ ಮೊದಲು ಅವರಿಗೆ ಈ ಕೆಲಸ ತೋರಿಸಿ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಪರಿಚಯದ ಶುಶ್ರೂಷಾಧಿಕಾರಿ ಇದ್ದರೆ ಅವರೊಂದಿಗೆ ಮಗು ಒಂದು ಗಂಟೆ ಮಾತಾಡಲಿ. ಕೇಳಿದ ಮೇಲೂ ‘ನಾನು ಓದುತ್ತೇನೆ’ ಎಂದರೆ ಆ ಮಗು ತಡೆದುಕೊಳ್ಳುತ್ತದೆ. ರಕ್ತ ಕಂಡರೆ ತಲೆ ಸುತ್ತುತ್ತದೆ ಎಂದಷ್ಟಕ್ಕೇ ಬಿಡಬೇಕಿಲ್ಲ, ಶುರುವಿನಲ್ಲಿ ತುಂಬ ಜನರಿಗೆ ಹಾಗಾಗುತ್ತದೆ, ರೂಢಿಯಾದಂತೆ ಕಡಿಮೆಯಾಗುತ್ತದೆ.

ಮನೆಯವರೂ ತಯಾರಾಗಬೇಕು

ತರಗತಿಗೆ ಕನಿಷ್ಠ ಶೇ 80 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆಸ್ಪತ್ರೆ ತರಬೇತಿಯಲ್ಲಂತೂ ಪದವಿ ಕೈಗೆ ಬರುವ ಮೊದಲು ಶೇ 100 ಮುಗಿಸಿರಬೇಕು. ತಪ್ಪಿಸಿದ ಪ್ರತಿ ದಿನವನ್ನೂ ಆಮೇಲೆ ತುಂಬಿಕೊಡಬೇಕು. ಆದ್ದರಿಂದ ಕಾಫಿ ಕುಯ್ಲಿಗೆ ಆಳಿಲ್ಲ ಬಾ, ಜಾತ್ರೆಗೆ ಬಾ, ನೆಂಟರ ಮದುವೆಗೆ ಮೂರು ದಿನ ಬಾ ಎಂದು ಕರೆಯುವುದು ಕಡಿಮೆಯಾಗಬೇಕು.

ಶಕ್ತಿ ಯೋಜನೆಯಿಂದ 2023ರ ಜೂನ್ ನಂತರ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಪ್ರಯಾಣ ಉಚಿತ. ಆಲೂರಿನವರು ಹಾಸನಕ್ಕೆ ಓಡಾಡಿಕೊಂಡು ಓದುವ ಯೋಚನೆ ಮಾಡಬಹುದು. ಆದರೆ ಬೆಳಗಿನ ಪಾಳಿ, ರಾತ್ರಿ ಪಾಳಿಗೆ ಬಸ್ ಹೊಂದುವುದಿಲ್ಲ. ಘಾಟಿ ಅಂಚಿನ ಹಳ್ಳಿಗಳವರಿಗೆ ಹಾಸ್ಟೆಲ್ಲೇ ಗತಿ. ಮೊದಲ ತಿಂಗಳು ಮಕ್ಕಳು ಫೋನ್ ಮಾಡಿ ಅಳುವುದು ಸಹಜ. ಆಗ ‘ವಾಪಸ್ ಬಂದುಬಿಡು’ ಅನ್ನುವ ಬದಲು ಭಾನುವಾರ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಓದು ಮುಗಿದ ಮೇಲೆ

ಫಲಿತಾಂಶ ಬಂದ ಕೂಡಲೇ ನರ್ಸಿಂಗ್ ಕೌನ್ಸಿಲ್ ನೋಂದಣಿ ಮಾಡಿಸಬೇಕು. ನಂತರ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ, ಬಿ.ಎಸ್ಸಿ ಮಾಡಿದವರಿಗೆ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಖಾಸಗಿ ಆಸ್ಪತ್ರೆ, ಎಂ.ಎಸ್ಸಿ ಮಾಡಿ ಬೋಧನೆ, ಹೀಗೆ ದಾರಿಗಳಿವೆ. ಸರ್ಕಾರಿ ಹುದ್ದೆಗೆ ನೇಮಕಾತಿ ಪ್ರಕಟಣೆಗಾಗಿ ಕಾಯಬೇಕು, ಖಾಸಗಿಯಲ್ಲಿ ಮೊದಮೊದಲು ಸಂಬಳ ಕಡಿಮೆ ಎಂಬುದೂ ತಿಳಿದಿರಲಿ.

ನೆನಪಿಗೆ: ತಿಂಗಳ ಲೆಕ್ಕ

ಅಕ್ಟೋಬರ್: ಗ್ರಾಮೀಣ, ಕನ್ನಡ ಮಾಧ್ಯಮ, ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆ ಮತ್ತು ಬಿಇಒ ಕಚೇರಿಗೆ ಹೋಗಿ.
ನವೆಂಬರ್: ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ. ಹೆಸರಿನ ತಿದ್ದುಪಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ.
ಜನವರಿ, ಫೆಬ್ರವರಿ: ಸಿಇಟಿ ಅರ್ಜಿ. ನಿಮ್ಮದೇ ಮೊಬೈಲ್ ನಂಬರ್.
ಮಾರ್ಚ್: ಪಿಯು ಪರೀಕ್ಷೆ.
ಏಪ್ರಿಲ್: ಸಿಇಟಿ.
ಮೇ: ಇಂಗ್ಲಿಷ್ ಪದ, ಡೋಸ್ ಲೆಕ್ಕ, ಲಸಿಕೆ. ಕಾಲೇಜುಗಳ ವಿಚಾರಣೆ.
ಜೂನ್ ನಂತರ: ಕೆಇಎ ಜಾಲತಾಣವನ್ನು ದಿನಕ್ಕೊಮ್ಮೆ ನೋಡಿ. ದಾಖಲೆಗಳು ಪ್ಲಾಸ್ಟಿಕ್ ಕವರ್‌ನಲ್ಲಿ, ಎರಡು ಸೆಟ್ ಜೆರಾಕ್ಸ್ ಜೊತೆಗೆ.

ದಿನಾಂಕಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತವೆ, ನಿಯಮಗಳಲ್ಲೂ ಬದಲಾವಣೆ ಬರುತ್ತದೆ. ಆ ವರ್ಷದ ಕೆಇಎ ಮಾಹಿತಿ ಪುಸ್ತಕವೇ ಅಂತಿಮ. ಅದು ಕನ್ನಡದಲ್ಲೂ ಸಿಗುತ್ತದೆ. ಪಕ್ಕದ ಮನೆಯಲ್ಲಿ ಪಿಯು ವಿಜ್ಞಾನ ಓದುತ್ತಿರುವ ಮಗು ಇದ್ದರೆ, ಸಿಇಟಿ ಅರ್ಜಿ ಹಾಕಿದ್ದೀಯಾ ಎಂದು ಜನವರಿಯಲ್ಲೇ ಒಂದು ಮಾತು ಕೇಳಿ.